ಶ್ರವಣಕುಮಾರನ ಕಾವಡಿ ಸಾಲದು



ಕಣ್ಣು ಕಾಣದ ತಾಯಿತಂದೆಯರನ್ನು ಕಾವಡಿಯಲ್ಲಿ ಹೊತ್ತು ತೀರ್ಥಯಾತ್ರೆಗೆ ನಡೆದ ಶ್ರವಣಕುಮಾರನ ಕಥೆಯನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಮಾತೃಪಿತೃಭಕ್ತಿಗೆ ಅವನಿಗಿಂತ ಮಿಗಿಲಾದ ನಿದರ್ಶನವಿಲ್ಲ. ಆದರೆ ಆ ಕಥೆಯ ಕೊನೆಯನ್ನು ನಾವು ಸಾಕಷ್ಟು ಆಲೋಚಿಸಿದಂತಿಲ್ಲ. ನೀರು ತರಲು ಹೋದ ಮಗ ದಶರಥನ ಬಾಣಕ್ಕೆ ಗುರಿಯಾದೊಡನೆ ಆ ವೃದ್ಧರ ಯಾತ್ರೆ ಮುಗಿಯಿತು; ಬಾಳೂ ಮುಗಿಯಿತು. ಅವರ ಪ್ರಪಂಚವೆಲ್ಲ ಒಬ್ಬನ ಹೆಗಲಿಗೆ ತೂಗುಬಿದ್ದಿತ್ತು. ಭಕ್ತಿ ದೊಡ್ಡದು, ನಿಜ. ಆದರೂ ಹೊರುವವನಿಲ್ಲದ ದಿನ ಮುದುಕರೂ ಅಂಗವಿಕಲರೂ ತಾವು ಬಯಸಿದೆಡೆಗೆ ಹೋಗಿಬರುವಂತಿರಬೇಕು. ಅದಕ್ಕೆ ಯಂತ್ರ ಬೇಕು. ಯಂತ್ರ ಸಾಗುವ ಹಾದಿಯೂ ಬೇಕು.

ಯಂತ್ರಕ್ಕಾಗಿ ದೂರ ಹುಡುಕಬೇಕಾಗಿಲ್ಲ. ನಮ್ಮ ಅಡ್ಯಾರಿನ ನೆರೆಯಲ್ಲಿಯೇ, 1959ರಲ್ಲಿ ಸ್ಥಾಪನೆಯಾದ ಐ.ಐ.ಟಿ. ಮದ್ರಾಸ್ ಇದೆ. ಅಲ್ಲಿನ ಪ್ರಾಧ್ಯಾಪಕಿ ಸುಜಾತಾ ಶ್ರೀನಿವಾಸನ್ ಅವರ ಬಳಗ ರೂಪಿಸಿದ ‘ಅರೈಸ್’ ಎಂಬ ಗಾಲಿಕುರ್ಚಿ 2019ರಲ್ಲಿ ಬಳಕೆಗೆ ಬಂದಿತು. ಅದರಲ್ಲಿ ಕುಳಿತವರು ಪರರ ಕೈ ಹಿಡಿಯದೆ ಎದ್ದು ನಿಲ್ಲಬಹುದು. ನಿಲ್ಲುವುದೇನು ಮಹಾ ಎನ್ನಬೇಡಿ. ಸದಾ ಕುಳಿತೇ ಇರುವ ದೇಹದಲ್ಲಿ ರಕ್ತಸಂಚಾರ ಕುಗ್ಗುತ್ತದೆ, ಒತ್ತಡದಿಂದ ಹುಣ್ಣುಗಳೇಳುತ್ತವೆ. 2021ರಲ್ಲಿ ಅಲ್ಲಿಂದಲೇ ‘ನಿಯೋಬೋಲ್ಟ್’ ಬಂದಿತು. ಗಾಲಿಕುರ್ಚಿಯ ಮುಂದೆ ಜೋಡಿಸುವ ಈ ವಿದ್ಯುತ್ ಯಂತ್ರವನ್ನು ಒಮ್ಮೆ ಚಾರ್ಜು ಮಾಡಿದರೆ 25 ಕಿಲೋಮೀಟರಿನವರೆಗೂ ಸಾಗಬಹುದು.

ಆದರೆ ಮನೆಯ ಹೊಸ್ತಿಲು ದಾಟಿದ ಕುರ್ಚಿ ಮುಂದೆ ಎಲ್ಲಿಗೆ ಹೋಗಬೇಕು? ಕಡಲ ಮರಳಿನಲ್ಲಿ ಗಾಲಿ ಹೂತುಹೋಗುತ್ತದೆ. ಆದುದರಿಂದ 2022ರ ನವೆಂಬರಿನಲ್ಲಿ ಮೆರೀನಾ ತೀರದಲ್ಲಿ 263 ಮೀಟರು ಉದ್ದದ ಮರದ ಹಾದಿಯೊಂದನ್ನು ತೆರೆದರು. ಮರುತಿಂಗಳೇ ‘ಮಾಂಡೌಸ್’ ಚಂಡಮಾರುತಕ್ಕೆ ಸಿಕ್ಕಿ ಅದರ ಒಂದು ಭಾಗ ಕಿತ್ತುಹೋಯಿತು. ಮತ್ತೆ ದುರಸ್ತಿ ಮಾಡಿದರು. ಕೆಲವರಿಗಾಗಿ ಇಷ್ಟು ವೆಚ್ಚವೇಕೆ ಎಂದು ಕೇಳುವವರುಂಟು. ಅವರಿಗೆ ನನ್ನ ಉತ್ತರವಿಷ್ಟೆ: ಆಯುಸ್ಸಿದ್ದರೆ ನಾವೆಲ್ಲರೂ ಒಂದು ದಿನ ಆ ‘ಕೆಲವರು’ ಆಗಲಿರುವವರೇ.

ಬಸ್ಸಿನ ವಿಚಾರವನ್ನು ನೋಡಿ. ಎತ್ತರದ ಮೆಟ್ಟಿಲುಗಳ ವಿರುದ್ಧ ಹೋರಾಟಗಾರರು ಮದ್ರಾಸ್ ಉಚ್ಚ ನ್ಯಾಯಾಲಯದ ಮೊರೆಹೊಗಬೇಕಾಯಿತು. 2024ರ ಆಗಸ್ಟಿನಲ್ಲಿ ನಗರಕ್ಕೆ ತಗ್ಗು ನೆಲದ ಹೊಸ ಬಸ್ಸುಗಳು ಬಂದವು. ಅವು ನಿಲ್ದಾಣದಲ್ಲಿ ಒಂದು ಪಕ್ಕಕ್ಕೆ ಬಾಗುತ್ತವೆ. ಗಾಲಿಕುರ್ಚಿ ಏರಲು ಇಳಿಜಾರು ಹಲಗೆಯೂ ಇದೆ. ಇಷ್ಟಾದರೂ ನಿಲ್ದಾಣದ ಮುಂದೆ ಒಂದು ಸ್ಕೂಟರು ಅಡ್ಡ ನಿಂತರೆ ಬಸ್ಸು ನಡುರಸ್ತೆಯಲ್ಲಿಯೇ ನಿಲ್ಲುತ್ತದೆ. ಹಲಗೆ ಕಾಲುದಾರಿಯನ್ನು ಮುಟ್ಟುವುದಿಲ್ಲ. ಅನೇಕ ವರ್ಷಗಳ ಶ್ರಮ ಯಾರದೋ ಐದು ನಿಮಿಷದ ಅನುಕೂಲಕ್ಕೆ ಬಲಿಯಾಗುತ್ತದೆ. ಸೌಲಭ್ಯದ ಕನಿಷ್ಠ ನಿಯಮಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ಹೇಳಿದೆ. ಇದು ದಯೆಯ ಮಾತಲ್ಲ, ಹಕ್ಕಿನ ಮಾತು.

ಕಲ್ಲಿನ ಮೆಟ್ಟಿಲಿನಂತೆ ಭಾಷೆಯ ಮೆಟ್ಟಿಲೂ ಒಂದುಂಟು. ಊರು ಬಿಟ್ಟು ಮಕ್ಕಳೊಡನೆ ಇಲ್ಲಿಗೆ ಬಂದ ಎಷ್ಟೋ ಅಜ್ಜಿಯರಿಗೆ ತಮಿಳೂ ಬಾರದು, ಇಂಗ್ಲಿಷೂ ಬಾರದು. ಮೇಲಾಗಿ ಕಣ್ಣು ಮಂಜು. ಇಂದಿನ ಮೊಬೈಲು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲುದು. ಕನ್ನಡದಲ್ಲಿ ಆಡಿದ ಮಾತನ್ನು ಅಕ್ಷರವಾಗಿಸಬಲ್ಲುದು. ಆದರೆ ನಾವೇನು ಮಾಡುತ್ತೇವೆ? “ಕೊಡಜ್ಜಿ, ನಿನಗೆ ತಿಳಿಯೋದಿಲ್ಲ” ಎಂದು ಮೊಬೈಲು ಕಸಿದು ಕೆಲಸ ಮುಗಿಸುತ್ತೇವೆ. ಇದೂ ಒಂದು ಬಗೆಯ ಕಾವಡಿಯೇ. ಅಜ್ಜಿ ನಾಳೆಯೂ ನಮ್ಮನ್ನೇ ಕಾಯಬೇಕು. ಬದಲಾಗಿ ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟು, ಹತ್ತು ಸಲ ಕೇಳಿದರೂ ಬೇಸರಿಸದೆ ಕಲಿಸಿದರೆ ಆಕೆ ಊರಿನ ತಂಗಿಯೊಡನೆ ತಾನೇ ಮಾತನಾಡುತ್ತಾಳೆ, ಪಿಂಚಣಿ ಬಂದಿತೇ ಎಂದು ತಾನೇ ತಿಳಿಯುತ್ತಾಳೆ.

ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುವಿರಿ, ಕಟ್ಟಡಗಳ ನಕ್ಷೆ ಬರೆಯುವಿರಿ. ನಕ್ಷೆ ಬರೆಯುವ ಮುನ್ನ, ಅದನ್ನು ಬಳಸಲಿರುವ ಮುದುಕರನ್ನೂ ಅಂಗವಿಕಲರನ್ನೂ ಕೇಳಿ ತಿಳಿಯಿರಿ. ಅದಕ್ಕೆ ನಾಳೆಯವರೆಗೂ ಕಾಯಬೇಕಾಗಿಲ್ಲ. ನಿಮ್ಮ ಮನೆಯಿಂದ ಬಸ್ ನಿಲ್ದಾಣದವರೆಗೆ ಗಾಲಿಯೊಂದು ಎಷ್ಟು ಕಡೆ ತಡೆಯುತ್ತದೆಂದು ಇಂದು ಸಂಜೆಯೇ ಎಣಿಸಿ ನೋಡಿ; ಅವುಗಳಲ್ಲಿ ನಾವೇ ತಂದಿಟ್ಟ ಅಡ್ಡಿಗಳೆಷ್ಟು ಎಂಬುದನ್ನೂ ಬರೆದಿಡಿ.