ಮೊದಲ ಸಾಲದ ಕಾರ್ಡು ಮತ್ತು ರೈತನ ಹೆಸರು

ಜಮೀನು ಕೊಳ್ಳಲು ಬಂದವನು ಮೊದಲು ಪಹಣಿಯನ್ನು ನೋಡುತ್ತಾನೆ. ಜಮೀನು ಯಾರ ಹೆಸರಿನಲ್ಲಿದೆ, ಎಷ್ಟು ಋಣಭಾರವಿದೆ, ಯಾವ ಬೆಳೆಯಿದೆ ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ಪಹಣಿಯಲ್ಲಿ ಒಂದಕ್ಷರ ತಪ್ಪಿದ್ದರೂ ನಾಡಕಚೇರಿಗೆ ಹತ್ತು ಸಲ ಅಲೆದು ಸರಿಪಡಿಸಿಕೊಳ್ಳುವ ನಮ್ಮ ರೈತರು, ತಮ್ಮ ಹೆಸರಿನಲ್ಲಿಯೇ ಇರುವ ಇನ್ನೊಂದು ದಾಖಲೆಯ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. ಸಾಲ ಪಡೆದವನ ನಡವಳಿಕೆಯನ್ನು ಬರೆದಿಡುವ ಸಾಲ ವರದಿಯೇ ಆ ದಾಖಲೆ. ಹಳ್ಳಿಗಳಲ್ಲಿ ಇದನ್ನು ‘ಸಿಬಿಲ್’ ಎಂದು ಕರೆಯುವುದು ರೂಢಿಯಾಗಿದೆ.

ಈ ದಾಖಲೆಯ ಮೊದಲ ಸಾಲು ಬರೆಯಲ್ಪಡುವುದು ನೀವು ಮೊಟ್ಟಮೊದಲ ಸಾಲದ ಕಾರ್ಡನ್ನು ಪಡೆದ ದಿನ. ಬಹುಪಾಲು ರೈತರಿಗೆ ಆ ಮೊದಲ ಕಾರ್ಡು ಕಿಸಾನ್ ಕ್ರೆಡಿಟ್ ಕಾರ್ಡೇ ಆಗಿರುತ್ತದೆ. ಅದನ್ನು ಬೀಜ ಗೊಬ್ಬರಕ್ಕೆ ಹಣ ತೆಗೆಯುವ ಸಾಧನವೆಂದಷ್ಟೇ ತಿಳಿದರೆ ಸಾಲದು. ಮುಂದೆ ಟ್ರ್ಯಾಕ್ಟರಿಗೆ, ಹೈನು ರಾಸುಗಳಿಗೆ, ಮಕ್ಕಳ ವಿದ್ಯಾಭ್ಯಾಸಕ್ಕೆ ನೀವು ಸಾಲ ಕೇಳಲು ಹೋದಾಗ ನಿಮ್ಮ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ಹೇಳುವುದು ಇದೇ ಕಾರ್ಡು. ಆದುದರಿಂದ ಮೊದಲ ಎರಡು ಮೂರು ವರ್ಷ ಈ ಕಾರ್ಡನ್ನು ಹೇಗೆ ನಡೆಸುತ್ತೇವೆ ಎಂಬುದು ಪಡೆದ ಸಾಲದ ಮೊತ್ತಕ್ಕಿಂತಲೂ ಮುಖ್ಯವಾದುದೆಂದು ನನ್ನ ಅಭಿಪ್ರಾಯ.

ಅಂಕ ಹೇಗೆ ಬರುತ್ತದೆ?

ನಮ್ಮ ದೇಶದಲ್ಲಿ ಸಾಲದ ಮಾಹಿತಿಯನ್ನು ಸಂಗ್ರಹಿಸುವ ಮೊದಲ ಸಂಸ್ಥೆಯಾದ ಸಿಬಿಲ್ 2000ನೇ ಇಸವಿಯಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. 2005ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯಿದೆ ಬಂದಿತು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ಯಾರಿಗೆ ಎಷ್ಟು ಸಾಲ ಕೊಟ್ಟೆವು, ವಾಯಿದೆಗೆ ಬಂತೇ ಇಲ್ಲವೇ ಎಂಬ ವಿವರಗಳನ್ನು ಬ್ಯಾಂಕುಗಳು ಇವುಗಳಿಗೆ ಕಳುಹಿಸುತ್ತವೆ. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದ ಈ ವಿವರ, 2025ರ ಜನವರಿಯಿಂದ ಹದಿನೈದು ದಿನಗಳಿಗೊಮ್ಮೆಯಾದರೂ ಹೋಗಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ.

ಈ ವಿವರಗಳ ಆಧಾರದ ಮೇಲೆ 300ರಿಂದ 900ರವರೆಗೆ ಅಂಕ ನೀಡಲಾಗುತ್ತದೆ. ಸಾಮಾನ್ಯವಾಗಿ 750ಕ್ಕಿಂತ ಮೇಲಿದ್ದರೆ ಬ್ಯಾಂಕುಗಳು ಒಳ್ಳೆಯ ಅಂಕವೆಂದು ಪರಿಗಣಿಸುತ್ತವೆ. ಅಂಕಕ್ಕೆ ಆಧಾರವಾಗುವ ಅಂಶಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ವಾಯಿದೆಗೆ ಸರಿಯಾಗಿ ಕಟ್ಟಿದ್ದೀರಾ ಎಂಬುದು. ಉಳಿದಿರುವ ಬಾಕಿ ಎಷ್ಟು, ಖಾತೆ ಎಷ್ಟು ವರ್ಷ ಹಳೆಯದು, ಇತ್ತೀಚೆಗೆ ಎಷ್ಟು ಕಡೆ ಸಾಲಕ್ಕೆ ಅರ್ಜಿ ಹಾಕಿದ್ದೀರಿ ಎಂಬುವು ನಂತರದವು.

ಇದುವರೆಗೆ ಯಾವ ಬ್ಯಾಂಕಿನಲ್ಲಿಯೂ ಸಾಲ ಮಾಡದವನಿಗೆ ಅಂಕವೇ ಇರುವುದಿಲ್ಲ. ‘ನಾನು ಯಾರ ಹತ್ತಿರವೂ ಕೈ ಚಾಚಿದವನಲ್ಲ, ನನಗೇಕೆ ಸಾಲ ಕೊಡುವುದಿಲ್ಲ?’ ಎಂದು ಕೇಳುವ ರೈತರುಂಟು. ಅವರ ಮಾತು ನ್ಯಾಯವಾದುದೇ. ಹಿಂದಿನ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕು ತಿಳಿಸಿದೆ. 2025ರಲ್ಲಿ ಕೇಂದ್ರ ಸರ್ಕಾರವು ಲೋಕಸಭೆಯಲ್ಲಿಯೂ ಇದನ್ನು ಸ್ಪಷ್ಟಪಡಿಸಿದೆ. ಬ್ಯಾಂಕಿನವರು ಹಾಗೆ ಹೇಳಿ ಕಳುಹಿಸಿದರೆ ಈ ಮಾತನ್ನು ಅವರ ಗಮನಕ್ಕೆ ತರಬಹುದು.

ಮೊದಲ ಕಾರ್ಡಿಗೆ ಹೆಚ್ಚು ತೂಕವೇಕೆ?

ಹೊಲದ ತುಂಬ ಒಂದೇ ಬೆಳೆ ಹಾಕಿದವನಿಗೆ ಆ ಬೆಳೆ ಹೋದರೆ ಆ ವರ್ಷವೆಲ್ಲ ಹೋದಂತೆಯೇ. ಅಕ್ಕಡಿಯಲ್ಲಿ ಅವರೆ, ಅಲಸಂದೆ ಹಾಕಿದವನಿಗೆ ಅಷ್ಟು ಪೆಟ್ಟು ತಗಲುವುದಿಲ್ಲ. ಸಾಲದ ದಾಖಲೆಯಲ್ಲಿಯೂ ಹೀಗೆಯೇ. ಹತ್ತು ವರ್ಷಗಳಿಂದ ನಾಲ್ಕಾರು ಸಾಲಗಳನ್ನು ಸರಿಯಾಗಿ ತೀರಿಸಿದವನು ಒಮ್ಮೆ ತಡಮಾಡಿದರೆ, ಹಳೆಯ ಒಳ್ಳೆಯ ದಾಖಲೆ ಅವನನ್ನು ಸ್ವಲ್ಪಮಟ್ಟಿಗೆ ಕಾಪಾಡುತ್ತದೆ. ಒಂದೇ ಕಾರ್ಡು ಇರುವ ಹೊಸಬನಿಗೆ ಆ ಆಸರೆಯಿಲ್ಲ. ಅವನ ವರದಿಯಲ್ಲಿ ಇರುವುದು ಒಂದೇ ಖಾತೆ. ಅದರಲ್ಲಿ ಸುಸ್ತಿ ಬಿದ್ದರೆ ವರದಿಯಲ್ಲೆಲ್ಲ ಕಾಣುವುದು ಸುಸ್ತಿಯೇ. ಹಿಂದಿನ 36 ತಿಂಗಳವರೆಗಿನ ಪಾವತಿಯ ವಿವರ ಸಿಬಿಲ್ ವರದಿಯಲ್ಲಿ ತಿಂಗಳುವಾರು ಕಾಣುತ್ತದೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಮಾಡಿದ ಉದಾಸೀನವು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅಡ್ಡ ಬರುವುದು ಹೀಗೆ.

ವಾಯಿದೆಯ ಬಗ್ಗೆ ಇರುವ ತಪ್ಪು ತಿಳಿವಳಿಕೆ

ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆ 1998ರಲ್ಲಿ ಜಾರಿಗೆ ಬಂದಿತು. 2019ರಿಂದ ಹೈನುಗಾರಿಕೆ, ಕುರಿ, ಕೋಳಿ ಮತ್ತು ಮೀನು ಸಾಕಣೆಗೂ ಇದನ್ನು ವಿಸ್ತರಿಸಲಾಗಿದೆ. 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಶೇ. 7ರ ಬಡ್ಡಿ, ವಾಯಿದೆಯೊಳಗೆ ಕಟ್ಟಿದವರಿಗೆ ಶೇ. 3ರ ಪ್ರೋತ್ಸಾಹ ದೊರೆತು ಬಡ್ಡಿ ಶೇ. 4ಕ್ಕೆ ಇಳಿಯುತ್ತದೆ. ಒಂದು ಲಕ್ಷಕ್ಕೆ ವರ್ಷಕ್ಕೆ 7,000 ರೂಪಾಯಿ ಕಟ್ಟುವ ಬದಲು 4,000 ರೂಪಾಯಿ ಕಟ್ಟಿದರೆ ಸಾಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಬೇರೂರಿದೆ. ‘ಬೆಳೆಸಾಲಕ್ಕೆ ಎರಡು ಹಂಗಾಮು ತಡೆಯಬಹುದು, ಬ್ಯಾಂಕಿನವರು ಏನೂ ಮಾಡುವಂತಿಲ್ಲ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಇತರ ಸಾಲಗಳು 90 ದಿನ ಸುಸ್ತಿಯಾದರೆ ಬ್ಯಾಂಕಿನ ಲೆಕ್ಕದಲ್ಲಿ ಅನುತ್ಪಾದಕ ಆಸ್ತಿಯಾಗುತ್ತವೆ. ಅಲ್ಪಾವಧಿ ಬೆಳೆಗಳ ಸಾಲವಾದರೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಗಳ ಸಾಲವಾದರೆ ಒಂದು ಬೆಳೆ ಹಂಗಾಮು ಸುಸ್ತಿಯಾದ ಮೇಲೆಯೇ ಹಾಗೆ ವರ್ಗೀಕರಿಸುತ್ತಾರೆ. ಆದರೆ ಇದು ಬ್ಯಾಂಕು ತನ್ನ ಲೆಕ್ಕಪತ್ರ ಬರೆಯಲು ಇರುವ ನಿಯಮವೇ ಹೊರತು ರೈತನಿಗೆ ಕೊಟ್ಟ ರಜೆಯಲ್ಲ. ವಾಯಿದೆ ಮೀರಿದ ಮರುದಿನವೇ ನೀವು ಸುಸ್ತಿದಾರರಾಗುತ್ತೀರಿ. ಶೇ. 3ರ ಪ್ರೋತ್ಸಾಹ ತಪ್ಪುತ್ತದೆ. ಮುಂದಿನ ದಿನಗಳಿಗೆ ಸರ್ಕಾರದ ಬಡ್ಡಿ ಸಹಾಯವೂ ನಿಂತು ಬ್ಯಾಂಕಿನ ಸಾಮಾನ್ಯ ಬಡ್ಡಿ ದರ ಬೀಳುತ್ತದೆ. ಸುಸ್ತಿಯ ದಿನಗಳು ಸಾಲ ವರದಿಗೂ ಸೇರುತ್ತವೆ. ಎರಡು ಹಂಗಾಮಿನ ಮಾತನ್ನು ನಂಬಿ ಕುಳಿತವನು ಹಣವನ್ನೂ ಹೆಸರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ.

ಸಾಲ ಮನ್ನಾದ ನಿರೀಕ್ಷೆಯೂ ಇಂತಹುದೇ. 2008ರಲ್ಲಿ ಕೇಂದ್ರ ಸರ್ಕಾರ, 2018ರಲ್ಲಿ ನಮ್ಮ ರಾಜ್ಯ ಸರ್ಕಾರ ಸಾಲ ಮನ್ನಾ ಘೋಷಿಸಿದ್ದು ನಿಜ. ಕಷ್ಟದಲ್ಲಿದ್ದ ಅನೇಕರಿಗೆ ಅದರಿಂದ ಉಸಿರಾಡುವಂತಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಕೈಯಲ್ಲಿ ಹಣವಿದ್ದೂ ಮುಂದಿನ ಮನ್ನಾಕ್ಕಾಗಿ ಕಾಯುವುದು ಮೋಡ ನೋಡಿ ಬಿತ್ತನೆ ಬೀಜವನ್ನು ತಿಂದುಬಿಟ್ಟಂತೆ. ಮನ್ನಾ ಯಾವಾಗ, ಯಾರಿಗೆ, ಎಷ್ಟು ಎಂಬುದು ನಮ್ಮ ಕೈಯಲ್ಲಿಲ್ಲ. ಕಾಯುವ ಅವಧಿಯಲ್ಲಿ ಬೀಳುವ ಸುಸ್ತಿಯ ಗುರುತು ಮಾತ್ರ ನಮ್ಮ ಹೆಸರಿಗೆ ಖಚಿತ.

ಒಂದಾವರ್ತಿ ತೀರುವಳಿಯ ಬಗೆಗೂ ಎಚ್ಚರವಿರಲಿ. ಬ್ಯಾಂಕು ಒಂದಿಷ್ಟು ಬಿಟ್ಟುಕೊಟ್ಟು ಸಾಲ ತೀರಿತೆಂದು ಪತ್ರ ಕೊಟ್ಟರೂ, ವರದಿಯಲ್ಲಿ ಅದು ‘ಪೂರ್ತಿ ತೀರಿದೆ’ ಎಂದಲ್ಲದೆ ‘ರಾಜಿಯಲ್ಲಿ ತೀರಿದೆ’ ಎಂಬ ಅರ್ಥದಲ್ಲಿ ದಾಖಲಾಗುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಒಳ್ಳೆಯ ಗುರುತೆಂದು ಎಣಿಸುವುದಿಲ್ಲ. ಬೇರೆ ದಾರಿಯೇ ಇಲ್ಲದವರಿಗೆ ಅದು ಮಾರ್ಗವಾಗಬಹುದು. ಶಕ್ತಿಯುಳ್ಳವರಿಗೆ ಅದು ಲಾಭವಲ್ಲ.

ಕಾರ್ಡನ್ನು ನಡೆಸುವ ಬಗೆ

ಬ್ಯಾಂಕು ಮಂಜೂರು ಮಾಡಿದ ಮಿತಿಯನ್ನೆಲ್ಲ ಮೊದಲ ದಿನವೇ ತೆಗೆಯಬೇಕೆಂಬ ನಿಯಮವಿಲ್ಲ. ಉಪಯೋಗಿಸಿದ ಹಣಕ್ಕೆ, ಉಪಯೋಗಿಸಿದ ದಿನಗಳಿಗೆ ಮಾತ್ರ ಬಡ್ಡಿ. ಬಿತ್ತನೆಗೆ ಬೇಕಾದಷ್ಟು ಜೂನ್‌ನಲ್ಲಿ, ಮೇಲುಗೊಬ್ಬರಕ್ಕೆ ಬೇಕಾದಷ್ಟು ಆಗಸ್ಟ್‌ನಲ್ಲಿ ತೆಗೆಯಿರಿ. ನಡುವೆ ರೇಷ್ಮೆಗೂಡಿನ ಹಣವೋ ಹಾಲಿನ ಹಣವೋ ಬಂದರೆ ಖಾತೆಗೆ ಕಟ್ಟಿ, ಬೇಕಾದಾಗ ಮತ್ತೆ ತೆಗೆಯಬಹುದು. 50,000 ರೂಪಾಯಿಯನ್ನು 60 ದಿನ ಖಾತೆಯಲ್ಲಿ ಕಟ್ಟಿಟ್ಟರೆ ಶೇ. 7ರ ಲೆಕ್ಕದಲ್ಲಿ ಸುಮಾರು 575 ರೂಪಾಯಿ ಬಡ್ಡಿ ಉಳಿಯುತ್ತದೆ.

ವಾಯಿದೆಯ ದಿನಾಂಕವನ್ನು ಪಾಸುಬುಕ್ಕಿನ ಮೊದಲ ಪುಟದಲ್ಲಿ ಬರೆಸಿಕೊಳ್ಳಿ. ಅದು ನಿಮ್ಮ ಬೆಳೆ ಮಾರಾಟವಾಗಿ ಹಣ ಕೈಸೇರುವ ಕಾಲಕ್ಕೆ ಹೊಂದುತ್ತದೆಯೇ ಎಂಬುದನ್ನು ಸಾಲ ಪಡೆಯುವಾಗಲೇ ವಿಚಾರಿಸಿ. ಕಬ್ಬು ಬೆಳೆಯುವವರಿಗೂ ರಾಗಿ ಬೆಳೆಯುವವರಿಗೂ ಹಣ ಬರುವ ತಿಂಗಳು ಒಂದೇ ಅಲ್ಲ. ತೀರಿಸುವಾಗ ಅಂದಾಜಿನ ಮೇಲೆ ಕಟ್ಟದೆ ಅಸಲು, ಬಡ್ಡಿ, ವಿಮಾ ಕಂತು ಸೇರಿ ಒಟ್ಟು ಎಷ್ಟೆಂದು ಕೇಳಿ ಕಟ್ಟಿ. ಉಳಿದುಹೋದ ಇನ್ನೂರು ಮುನ್ನೂರು ರೂಪಾಯಿ ಸಹ ಸುಸ್ತಿಯೇ.

ಬೆಳೆಸಾಲ ಮದುವೆಗೆ, ಮನೆಗೆ ಹೋದರೆ ಹೊಲದಿಂದ ತಿರುಗಿ ಬರುವುದಿಲ್ಲ. 2012ರ ಪರಿಷ್ಕೃತ ಯೋಜನೆಯಲ್ಲಿ ಮನೆಬಳಕೆ ಮತ್ತು ಕೊಯ್ಲೋತ್ತರ ವೆಚ್ಚಕ್ಕೆಂದು ಶೇ. 10ರಷ್ಟನ್ನು ಮಿತಿಯಲ್ಲಿಯೇ ಸೇರಿಸಿದ್ದಾರೆ. ಅದರ ಆಚೆಗೆ ಕೈಹಾಕದಿರುವುದು ಲೇಸು.

ಜಾಮೀನು ನಿಲ್ಲುವಾಗಲೂ ಯೋಚಿಸಬೇಕು. ನೆಂಟಸ್ತಿಕೆಗೆ ಕಟ್ಟುಬಿದ್ದು ಹಾಕಿದ ಸಹಿಯಿಂದ ಆ ಸಾಲ ನಿಮ್ಮ ವರದಿಯಲ್ಲಿಯೂ ಕಾಣುತ್ತದೆ. ಅವರು ಸುಸ್ತಿಯಾದರೆ ಪೆಟ್ಟು ನಿಮಗೂ ಉಂಟು.

ಅಂಗಡಿ ಕಾರ್ಡಿನ ಆಕರ್ಷಣೆ

ಓದಿದ ರೈತ ಯುವಕರು ಪಟ್ಟಣದವರಂತೆ ಸಾಮಾನ್ಯ ಕ್ರೆಡಿಟ್ ಕಾರ್ಡನ್ನೂ ಪಡೆಯುತ್ತಿದ್ದಾರೆ. ಅದು ತಪ್ಪಲ್ಲ. ಆದರೆ ಎರಡೂ ‘ಕಾರ್ಡು’ಗಳಾದರೂ ಗುಣದಲ್ಲಿ ಬೇರೆ. ಸಾಮಾನ್ಯ ಕಾರ್ಡಿನ ವಾಯಿದೆ ತಿಂಗಳಿಗೊಮ್ಮೆ. ನಮ್ಮ ಆದಾಯವೋ ವರ್ಷಕ್ಕೆ ಒಂದೆರಡು ಸಲ. ಬಿಲ್ಲಿನಲ್ಲಿ ತೋರಿಸುವ ‘ಕನಿಷ್ಠ ಮೊತ್ತ’ ಕಟ್ಟಿದರೆ ಆ ತಿಂಗಳಿಗೆ ಸುಸ್ತಿ ತಪ್ಪುತ್ತದೆ, ಆದರೆ ಉಳಿದ ಬಾಕಿಗೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗಿಂತಲೂ ಹೆಚ್ಚು ಬಡ್ಡಿ ಬೀಳುತ್ತದೆ. ಇದು ಕೈಸಾಲದ ಬಡ್ಡಿಗೆ ಏನೂ ಕಡಿಮೆಯಲ್ಲ. ಹಾಲಿನ ಡೇರಿಯಿಂದಲೋ ತರಕಾರಿಯಿಂದಲೋ ತಿಂಗಳು ತಿಂಗಳು ಹಣ ನೋಡುವವರು ಮಾತ್ರ ಇದಕ್ಕೆ ಕೈಹಾಕುವುದು ಒಳ್ಳೆಯದು. ಬೇಕೇ ಬೇಕೆನ್ನುವವರು ಸಣ್ಣ ಠೇವಣಿಯ ಆಧಾರದ ಮೇಲೆ ಕೊಡುವ ಕಾರ್ಡನ್ನು ಪಡೆದು, ಮಿತಿಯ ಮೂರನೆಯ ಒಂದು ಭಾಗದೊಳಗೆ ಖರ್ಚಿಟ್ಟು, ಪ್ರತಿ ತಿಂಗಳೂ ಪೂರ್ತಿ ಕಟ್ಟಬೇಕು. ಒಂದೇ ತಿಂಗಳಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಿದರೆ, ಹಣದ ತೀರಾ ಅಡಚಣೆಯಲ್ಲಿರುವವನೆಂಬ ಅನುಮಾನಕ್ಕೆ ಅದೇ ಕಾರಣವಾಗುತ್ತದೆ.

ಬ್ಯಾಂಕುಗಳಿಗೂ ಒಂದು ಮಾತು

ತಪ್ಪೆಲ್ಲ ರೈತನದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕಾರ್ಖಾನೆ ಕಬ್ಬಿನ ಬಿಲ್ಲನ್ನು ತಡಮಾಡಿದರೆ, ಖರೀದಿ ಕೇಂದ್ರದ ಹಣ ಬರಲು ತಿಂಗಳುಗಟ್ಟಲೆ ಹಿಡಿದರೆ, ಅಂಕ ಕಳೆದುಕೊಳ್ಳುವವನು ಬೆಳೆದವನು. ಮಳೆ ಬಂದಿಲ್ಲವೆಂಬುದು ಅಂಕ ಎಣಿಸುವ ಯಂತ್ರಕ್ಕೆ ತಿಳಿಯದು. ಬರ, ನೆರೆಗಳಿಂದ ಬೆಳೆ ಹೋದಾಗ ಬೆಳೆಸಾಲವನ್ನು ಅವಧಿ ಸಾಲವಾಗಿ ಮಾರ್ಪಡಿಸಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಇದು ಎಷ್ಟು ಜನ ರೈತರಿಗೆ ತಿಳಿದಿದೆ? ತಿಳಿಸುವ ಹೊಣೆ ಬ್ಯಾಂಕಿನದು. ವಾಯಿದೆ ಮುಗಿಯುವ ಒಂದು ತಿಂಗಳು ಮೊದಲೇ ಕನ್ನಡದಲ್ಲಿ ಸೂಚನೆ ಕೊಡುವುದು, ಬೆಳೆಗೆ ತಕ್ಕ ವಾಯಿದೆ ಇಡುವುದು ಬ್ಯಾಂಕಿಗೆ ಭಾರವಾಗಲಾರದು. ರೈತರೂ ಬೆಳೆ ಕೈಕೊಟ್ಟ ವರ್ಷ ಮನೆಯಲ್ಲಿ ಕೂರದೆ, ವಾಯಿದೆಗೆ ಮೊದಲೇ ಬ್ಯಾಂಕಿಗೆ ಹೋಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ವರ್ಷಕ್ಕೊಮ್ಮೆ ನೋಡಿ

ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಮೊಬೈಲಿನಲ್ಲಿಯೇ ತೆಗೆದುಕೊಡುತ್ತಾರೆ. ತೀರಿಸಿದ ಸಾಲ ಇನ್ನೂ ಬಾಕಿಯೆಂದಿದೆಯೇ, ನಿಮ್ಮದಲ್ಲದ ಸಾಲ ಸೇರಿದೆಯೇ, ಸಹಕಾರ ಸಂಘದಲ್ಲಿ ಪಡೆದ ಸಾಲ ಸರಿಯಾಗಿ ನಮೂದಾಗಿದೆಯೇ ಎಂಬುದನ್ನು ಪರಿಶೀಲಿಸಿ. ತಪ್ಪಿದ್ದರೆ ಆ ಸಂಸ್ಥೆಗೂ ಬ್ಯಾಂಕಿಗೂ ದೂರು ಕೊಡಿ. 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ಸಾಲ ತೀರಿದಾಗ ಪಡೆದ ಬಾಕಿ ಇಲ್ಲದ ಪತ್ರವನ್ನು ಪಹಣಿಯೊಡನೆ ಜೋಪಾನವಾಗಿಡಿ; ದೂರಿಗೆ ಅದೇ ಆಧಾರ.

ಹಿಂದೆ ಊರಿನ ಸಾಹುಕಾರ ರೈತನ ಮುಖ ನೋಡಿ, ಮನೆತನ ನೋಡಿ ಸಾಲ ಕೊಡುತ್ತಿದ್ದ. ಬಡ್ಡಿಯನ್ನೂ ಮುಖ ನೋಡಿಯೇ ಹಾಕುತ್ತಿದ್ದ. ಇಂದು ನಿಮ್ಮ ಮುಖ ಕಾಣದವರು ನಿಮ್ಮ ದಾಖಲೆಯನ್ನು ನೋಡಿ ನಿರ್ಧರಿಸುತ್ತಾರೆ. ಇದರಲ್ಲಿ ಕುಂದುಗಳಿವೆ. ಆದರೂ ಮನೆತನದ ಹೆಸರಿಲ್ಲದ ಎರಡು ಎಕರೆಯ ರೈತನೂ ತನ್ನ ನಡವಳಿಕೆಯಿಂದಲೇ ಒಳ್ಳೆಯ ಹೆಸರು ಗಳಿಸುವ ಅವಕಾಶ ಇದರಲ್ಲಿದೆ. ಈ ಮುಂಗಾರಿಗೆ ಮೊದಲ ಸಲ ಕಾರ್ಡು ಪಡೆಯಲಿರುವ ಯುವ ರೈತರು ಬೇಕಾದಷ್ಟೇ ತೆಗೆದು, ವಾಯಿದೆಯೊಳಗೆ ಕಟ್ಟಿ, ವರ್ಷಕ್ಕೊಮ್ಮೆ ತಮ್ಮ ವರದಿಯನ್ನು ತಾವೇ ಓದುವ ರೂಢಿ ಮಾಡಿಕೊಳ್ಳಲಿ. ಈಗಾಗಲೇ ಕಾರ್ಡು ಇರುವವರು ಇಂದೇ ಪಾಸುಬುಕ್ಕು ತೆಗೆದು ವಾಯಿದೆಯ ದಿನಾಂಕವನ್ನು ನೋಡಿಕೊಳ್ಳಲಿ.