ಸ್ಕ್ರೂ ಗಟ್ಟಿ ಇದ್ರ ಸಾಲೂದಿಲ್ರೀ...

ಗದಗಿನ ಪಕ್ಕದ ನಮ್ಮ ನಾಗಾವಿಯಲ್ಲಿ ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಎರಡು ವರ್ಷ ಓದಲು ಬಂದ ಹುಡುಗ ಬಡಿಗೇರರ ಹತ್ತಿರ ಸಾಗುವಾನಿ ಕಪಾಟು ಮಾಡಿಸ್ತಾನಾ? ಇಲ್ಲ. ಆನ್‌ಲೈನಿನಲ್ಲಿ ಚಪ್ಪಟೆ ಪೆಟ್ಟಿಗೆ ತರಿಸ್ತಾನೆ, ಒಳಗಿನ ಹಲಗೆ ಜೋಡಿಸಿ ಪುಸ್ತಕ ಇಡ್ತಾನೆ. ಆರು ತಿಂಗಳಿಗೆ ಕಪಾಟು ಓಲಾಡುತ್ತೆ. ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಕಂಪನಿ ಸ್ಕ್ರೂ ತೆಗೆದು ಸ್ಟೀಲ್ ಸ್ಕ್ರೂ ಹಾಕಿದ್ರ ಬಾಳಿಕೆ ಬರ್ತದೇನ್ರೀ?"

ನನ್ನ ಅಭಿಪ್ರಾಯ ಕೇಳಿದರೆ, ಬರೋದಿಲ್ಲ!

ಯಾಕಂದ್ರೆ ಸಾಮಾನ್ಯವಾಗಿ ಸೋಲೋದು ಸ್ಕ್ರೂ ಅಲ್ಲ, ಅದು ಕಚ್ಚಿಕೊಂಡಿರೋ ತೂತು. ಇವು ಹೆಚ್ಚಾಗಿ ಪಾರ್ಟಿಕಲ್ ಬೋರ್ಡು. ಅಂದ್ರೆ ಮರದ ಚೂರಿಗೆ ಅಂಟು ಬೆರೆಸಿ ಒತ್ತಿದ ಹಲಗೆ. ಮರದಲ್ಲಿರೋ ಎಳೆ ಇದರಲ್ಲಿಲ್ಲ. ಅತಿಯಾಗಿ ಬಿಗಿ ಮಾಡಿದರೆ ಒಳಗೆ ಪುಡಿಯಾಗುತ್ತೆ. ಆಮೇಲೆ ಬಂಗಾರದ ಸ್ಕ್ರೂ ಹಾಕಿದರೂ ಅಷ್ಟೇ.

ಸ್ಟೇನ್‌ಲೆಸ್ ಸ್ಟೀಲ್ ಬೇಕಾಗೋದು ತುಕ್ಕಿಗೆ. ಮಂಗಳೂರಿನ ಉಪ್ಪುಗಾಳಿಗೆ, ಬಚ್ಚಲಮನೆಯ ಕಪಾಟಿಗೆ ಸರಿ. ನಮ್ಮ ಒಣ ಹವೆಗೆ ಸತು ಲೇಪಿಸಿದ ಉಕ್ಕಿನ ಸ್ಕ್ರೂ ಸಾಕು. ನೋಡಬೇಕಾದ್ದು ಎಳೆಯನ್ನು! ಎಳೆ ಅಗಲವಾಗಿ, ದೂರದೂರ ಇರುವ ಚಿಪ್‌ಬೋರ್ಡ್ ಸ್ಕ್ರೂ ಕೇಳಿ. ಹಲಗೆಯ ಅಂಚಿಗೆ ಕೂಡಿಸುವ ಕಡೆ ಕನ್‌ಫರ್ಮ್ಯಾಟ್ ಅನ್ನೋ ದಪ್ಪ ಸ್ಕ್ರೂ ಬರುತ್ತೆ. ಸಾಮಾನ್ಯ ಅಳತೆ 7×50 ಮಿ.ಮೀ., ತಿರುಗಿಸಲು 4 ಮಿ.ಮೀ. ಅಲೆನ್ ಕೀ. ಅದು ಕಳೆದರೆ ಅದೇ ಅಳತೆಯದೇ ತನ್ನಿ.

ಅಗ್ಗಕ್ಕೆ ಸಿಗುತ್ತೆ ಅಂತ ಕಪ್ಪು ಜಿಪ್ಸಮ್ ಸ್ಕ್ರೂ ಮಾತ್ರ ತರಬೇಡಿ. ಅದು ಜಿಪ್ಸಮ್ ಹಲಗೆ ಹಿಡಿದಿಡೋಕೆ ಮಾಡಿದ್ದು. ಗಡಸು, ಆದರೆ ಅಡ್ಡಡ್ಡ ಭಾರ ಬಿದ್ದರೆ ಪಟ್ಟಂತ ಮುರಿಯುತ್ತೆ. ಪುಸ್ತಕದ ಕಪಾಟಿನ ಕೆಳಗೆ ಮಗು ಕೂತಿದ್ರೆ?

ಇನ್ನು ಸ್ಕ್ರೂ ತಲೆ. ಪ್ಲಸ್ ಗುರುತಿನ ನಡುವೆ ಸಣ್ಣ ನಾಲ್ಕು ಗೆರೆ ಕಂಡರೆ ಅದು ಪೋಜಿಡ್ರೈವ್. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತೆ. ನಾವು ಬೈಯೋದು ಸ್ಕ್ರೂಗೆ! ಕೊನೆಯ ಎರಡು ಸುತ್ತು ಡ್ರಿಲ್ ಮಷೀನು ಬಿಟ್ಟು ಕೈಯಿಂದಲೇ ತಿರುಗಿಸಿ. ತೂತು ಸಡಿಲಾಗಿದ್ರೆ ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ರಾತ್ರಿಯಿಡೀ ಒಣಗಲು ಬಿಟ್ಟು, ಆಮೇಲೆ ಸ್ಕ್ರೂ ಹಾಕಿ. ಹಗುರ ಭಾರಕ್ಕೆ ನಡೆಯುತ್ತೆ.

ನಮ್ಮ ಕಡೆ ಇನ್ನೊಂದು ಶತ್ರು ಇದೆ: ನೆಲ ತೊಳೆಯೋ ನೀರು. ಅಡಿಯ ಹಲಗೆ ನೀರು ಕುಡಿದು ಉಬ್ಬಿದರೆ ಯಾವ ಸ್ಕ್ರೂನೂ ನಿಲ್ಲೋದಿಲ್ಲ. ಕೆಳಗೆ ರಬ್ಬರ್ ಬುಷ್ ಹಾಕಿ, ಅರ್ಧ ಇಂಚು ಮೇಲೆತ್ತಿ.

ಬಾಡಿಗೆಯವರು ಮನೆ ಬದಲಿಸಿದಾಗೆಲ್ಲ ಬಿಚ್ಚಿ ಮತ್ತೆ ಜೋಡಿಸ್ತಾರೆ. ಪ್ರತಿ ಸಲ ತೂತು ಒಂದಿಷ್ಟು ಸವೆಯುತ್ತೆ. ಇದು ಮಾರೋರಿಗೆ ಗೊತ್ತಿಲ್ವಾ? ಪೆಟ್ಟಿಗೆಯಲ್ಲಿ ಹತ್ತು ಹೆಚ್ಚುವರಿ ಸ್ಕ್ರೂ, ಅವುಗಳ ಅಳತೆ, ಎಷ್ಟು ಬಿಗಿ ಮಾಡಬೇಕು ಅನ್ನೋ ನಾಲ್ಕು ಸಾಲು ಕನ್ನಡ... ಇಷ್ಟು ಕೊಟ್ಟರೆ ಅವರ ಗಂಟೇನು ಹೋಗುತ್ತೆ? ಅಳತೆ ಗೊತ್ತಿದ್ರೆ ಬೆಟಗೇರಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಕೇಳಬಹುದು. ಗೊತ್ತಿಲ್ಲದಿದ್ರೆ ಇಡೀ ಕಪಾಟು ಗುಜರಿಗೆ.

ನೀವೇನಂತೀರಿ?