ಗಡಿ ಬದಲಾದರೆ ಆಟವೂ ಬದಲು

ಹಿರಿಯೂರಿನ ಕಾಲೇಜು ಹುಡುಗನೊಬ್ಬ ಕಬಡ್ಡಿಯಲ್ಲಿ ವಿಶ್ವವಿದ್ಯಾನಿಲಯದ ತಂಡ ಸೇರಲು ಎಷ್ಟು ಜನರನ್ನು ಹಿಂದಿಕ್ಕಬೇಕು? ಅದು ಅವನ ಕಾಲೇಜು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆ ಎಂಬುದನ್ನು ಅವಲಂಬಿಸಿದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೀಮೆ ಮೊದಲು ಮೈಸೂರು ವಿ.ವಿ. ವ್ಯಾಪ್ತಿಯಲ್ಲಿತ್ತು. 1987ರಲ್ಲಿ ಕುವೆಂಪು ವಿ.ವಿ.ಗೆ, 2009ರಲ್ಲಿ ದಾವಣಗೆರೆ ವಿ.ವಿ.ಗೆ ಸೇರಿತು.

ಲೆಕ್ಕ ಸರಳ. ಅಂತರ ವಿ.ವಿ. ಪಂದ್ಯಾವಳಿಗೆ ಒಂದು ವಿ.ವಿ.ಯಿಂದ ಒಂದೇ ತಂಡ. ಕಬಡ್ಡಿಗೆ 12 ಆಟಗಾರರು. ಹಿಂದೆ ಆ 12 ಸ್ಥಾನಗಳಿಗೆ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಚಿತ್ರದುರ್ಗದವರೆಲ್ಲ ಪೈಪೋಟಿ ನಡೆಸಬೇಕಿತ್ತು. ಈಗ ಕೊನೆಯ ಎರಡೇ ಜಿಲ್ಲೆ. ಅವಕಾಶ ಹೆಚ್ಚಿತು, ಓಡಾಟ ತಗ್ಗಿತು. ಆದರೆ ಮಲೆನಾಡಿನ ತಂಡಗಳೊಡನೆ ಸೆಣಸಿ ಪಳಗುವ ಭಾಗ್ಯ ಅಂತರ ಕಾಲೇಜು ಕೂಟದಲ್ಲಿ ಉಳಿಯಲಿಲ್ಲ.

ಅಮೆರಿಕದಲ್ಲಿ ಇದಕ್ಕೆ ತಿರುವುಮುರುವು. ಟಿ.ವಿ. ಹಣಕ್ಕಾಗಿ ಅಲ್ಲಿನ ಕಾಲೇಜು ಕ್ರೀಡಾಕೂಟಗಳು ಹಿಗ್ಗಿದವು. 2024ರಲ್ಲಿ ಲಾಸ್ ಏಂಜಲೀಸಿನ ಎರಡು ವಿ.ವಿ.ಗಳು ‘ಬಿಗ್ ಟೆನ್’ ಕೂಟ ಸೇರಿದವು. ಪಂದ್ಯಕ್ಕಾಗಿ ದೇಶದ ಇನ್ನೊಂದು ಕರಾವಳಿಯವರೆಗೆ ಹಾರಬೇಕಾಯಿತು. ಹಣ ಬಂದರೂ ವಿದ್ಯಾರ್ಥಿಗಳ ಪಾಠ, ನಿದ್ದೆಗೆ ಕುತ್ತು.

ಗಡಿ ಎಳೆಯುವುದು ವಿದ್ಯಾರ್ಥಿಯ ಕೈಯಲ್ಲಿಲ್ಲ. ಕೈಯಲ್ಲಿರುವುದು ಅಭ್ಯಾಸ. ಪಕ್ಕದ ಜಿಲ್ಲೆಯ ತಂಡವನ್ನು ಸ್ನೇಹಪಂದ್ಯಕ್ಕೆ ಕರೆಯಲು ಯಾವ ವಿ.ವಿ.ಯ ಅಡ್ಡಿಯೂ ಇರಲಾರದು. ಓಟಗಾರರ ತಂದೆತಾಯಿ ‘ಎಷ್ಟನೇ ಸ್ಥಾನ?’ ಎನ್ನುವ ಬದಲು ‘ಎಷ್ಟು ಸೆಕೆಂಡು?’ ಎಂದು ಕೇಳಲಿ. ಹೊಳಲ್ಕೆರೆಯ 400 ಮೀಟರ್ ಶಿವಮೊಗ್ಗದಲ್ಲೂ 400 ಮೀಟರೇ. ಸ್ಟಾಪ್‌ವಾಚಿಗೆ ವಿ.ವಿ.ಗಳ ಗಡಿ ತಿಳಿಯದು.